ಇ 471ರ ಮೂಲ ಯಾವುದು? ಆಹಾರದ ಸೇರ್ಪಡೆ ಪದಾರ್ಥಗಳ ಹಲಾಲ್ ಪರಿಶೀಲನೆ ಕುರಿತು ಚರ್ಚೆ

ಪ್ರಶ್ನೆ ಕೇಳಿದ ತಾಯಿ:

ಅಸ್ಸಲಾಮು ಅಲೈಕುಮ್. ತಿಳಿದವರು ನನ್ನ ಗೊಂದಲವನ್ನು ಬಿಡಿಸಿಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಕೆಲವು ದಿನಗಳ ಹಿಂದೆ ಬಂಧುಗಳೊಬ್ಬರು ಮೊಬೈಲ್‌ಗೆ ಒಂದು ಪಟ್ಟಿಯನ್ನು ಕಳುಹಿಸಿದರು. ಅದರ ತುಂಬ ಇ ಸಂಖ್ಯೆಗಳು, ಅಂದರೆ ಆಹಾರದ ಸೇರ್ಪಡೆ ಪದಾರ್ಥಗಳನ್ನು ಗುರುತಿಸುವ ಸಂಖ್ಯೆಗಳಿದ್ದವು. ಇವುಗಳಲ್ಲಿ ಯಾವುದೊಂದು ಪೊಟ್ಟಣದ ಮೇಲೆ ಕಂಡರೂ ಒಳಗೆ ಹಂದಿಯ ಕೊಬ್ಬು ಇದೆ ಎಂದೇ ತಿಳಿಯಬೇಕೆಂದು ಕೊನೆಯಲ್ಲಿ ಬರೆದಿತ್ತು. ಅಂದು ರಾತ್ರಿ ಮಕ್ಕಳು ಮಲಗಿದ ಮೇಲೆ ಅಡುಗೆಮನೆಯ ಕಪಾಟಿನಲ್ಲಿದ್ದ ಪೊಟ್ಟಣಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಕುಳಿತೆ. ಬಿಸ್ಕತ್ತಿನ ಪೊಟ್ಟಣದಲ್ಲಿ ಪದಾರ್ಥಗಳ ವಿವರವನ್ನು ಅಂಟಿಸಿದ ಮಡಿಕೆಯ ಒಳಗೆ ಅಚ್ಚು ಹಾಕಿದ್ದರು. ಆ ಮಡಿಕೆಯನ್ನು ಉಗುರಿನಿಂದ ಬಿಡಿಸಿ, ಭೂತಗನ್ನಡಿ ಹಿಡಿದು ಓದಿದಾಗ ‘ಎಮಲ್ಸಿಫೈಯರ್ (471, 322)’, ಅಂದರೆ ಎಣ್ಣೆ–ನೀರನ್ನು ಬೆರೆಸಿ ಹಿಡಿಯುವ ಪದಾರ್ಥ ಎಂದು ಕಂಡಿತು. ಬ್ರೆಡ್ಡಿನಲ್ಲೂ 471 ಇತ್ತು. ಮಕ್ಕಳ ವಿಟಮಿನ್ ಮಾತ್ರೆಯ ಡಬ್ಬಿಯಲ್ಲಿ 572 ಇತ್ತು. ಚೀಸ್‌ನ ಮೇಲೆ ‘ರೆನೆಟ್’ (ಹಾಲನ್ನು ಹೆಪ್ಪುಗಟ್ಟಿಸುವ ಪದಾರ್ಥ) ಎಂದಷ್ಟೇ ಇತ್ತು.

ಇನ್ನೊಂದು ಪಟ್ಟಿಯನ್ನು ಹುಡುಕಿದೆ. ಅದು 471ನ್ನು ಹರಾಮ್ (ನಿಷಿದ್ಧ) ಎನ್ನದೆ ಮಶ್‌ಬೂಹ್, ಅಂದರೆ ಸಂಶಯಾಸ್ಪದ ಎಂದಿತು. ಮೊದಲ ಪಟ್ಟಿಯಲ್ಲಿ ಹಂದಿಯ ಕೊಬ್ಬು ಎಂದು ಬರೆದಿದ್ದ ಇ 100ನ್ನು ಎರಡನೆಯದು ಹಲಾಲ್ ಎನ್ನುತ್ತದೆ. ಯಾವುದನ್ನು ನಂಬಬೇಕು? ನಾನು ರಸಾಯನಶಾಸ್ತ್ರ ಓದಿದವಳಲ್ಲ. ಮಕ್ಕಳ ಬಾಯಿಗೆ ಹರಾಮ್ ಹೋಗಬಾರದು ಎಂಬ ಭಯ ಒಂದು ಕಡೆ, ಅಲ್ಲಾಹನು ಹಲಾಲ್ ಮಾಡಿದ್ದನ್ನು ನಾನು ಸುಮ್ಮನೆ ನಿಷೇಧಿಸಿಬಿಡುತ್ತೇನೇನೋ ಎಂಬ ಭಯ ಇನ್ನೊಂದು ಕಡೆ. ಮನೆಯಲ್ಲಿ ಕುಳಿತು ಇದನ್ನು ಪರಿಶೀಲಿಸುವ ಸರಿಯಾದ ದಾರಿ ಯಾವುದು?

ಆಹಾರ ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿ ಕೆಲಸ ಮಾಡಿದವರು:

ವ ಅಲೈಕುಮುಸ್ಸಲಾಮ್, ಸಹೋದರಿ. ನಿಮ್ಮ ಎರಡು ಭಯಗಳೂ ನ್ಯಾಯವಾದವು. ಹಲವು ವರ್ಷ ಕಚ್ಚಾ ಪದಾರ್ಥಗಳ ದಾಖಲೆಗಳನ್ನು ಪರಿಶೀಲಿಸುವುದೇ ನನ್ನ ಕೆಲಸವಾಗಿತ್ತು, ಆದ್ದರಿಂದ ನನಗೆ ಚೆನ್ನಾಗಿ ಗೊತ್ತಿರುವುದನ್ನಷ್ಟೇ ಹೇಳುತ್ತೇನೆ.

ಮೊದಲು ಆ ಮೊದಲ ಪಟ್ಟಿಯನ್ನು ಅಳಿಸಿಬಿಡಿ, ಬೇರೆಯವರಿಗೆ ಕಳುಹಿಸಬೇಡಿ. ಇ 100 ಎಂದರೆ ಅರಿಶಿನದಿಂದ ತೆಗೆಯುವ ಕರ್ಕ್ಯುಮಿನ್ ಎಂಬ ಹಳದಿ ಬಣ್ಣ. ಅಂತಹ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಕಾಣುವ ಇ 140 ಎಲೆಗಳ ಹಸಿರು ಬಣ್ಣವಾದ ಕ್ಲೋರೊಫಿಲ್. ಅರಿಶಿನವನ್ನೂ ಎಲೆಯ ಹಸಿರನ್ನೂ ಹಂದಿಯ ಕೊಬ್ಬು ಎಂದು ಬರೆದವರು ಒಂದು ಸಂಖ್ಯೆಯನ್ನೂ ಪರಿಶೀಲಿಸಿಲ್ಲ ಎಂಬುದು ಅಲ್ಲಿಯೇ ಸ್ಪಷ್ಟವಾಗುತ್ತದೆ.

ಸಂಖ್ಯೆಗಳ ಅರ್ಥ ಹೀಗಿದೆ. ಐರೋಪ್ಯ ಪದ್ಧತಿಯಲ್ಲಿ ಸಂಖ್ಯೆಯ ಮುಂದೆ ‘ಇ’ ಅಕ್ಷರವಿರುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆ ಸೇರಿ 1963ರಲ್ಲಿ ಸ್ಥಾಪಿಸಿದ ಕೋಡೆಕ್ಸ್ ಆಯೋಗದ ಪದ್ಧತಿಯಲ್ಲಿ ಹೆಚ್ಚುಕಡಿಮೆ ಅದೇ ಸಂಖ್ಯೆಗಳು ಐಎನ್‌ಎಸ್ ಎಂಬ ಹೆಸರಿನಲ್ಲಿ ಬರುತ್ತವೆ. 100ರ ಸಾಲು ಬಣ್ಣಗಳದು, 200ರದು ಕೆಡದಂತೆ ಕಾಪಾಡುವವುಗಳದು, 300ರದು ಮುಖ್ಯವಾಗಿ ಉತ್ಕರ್ಷಣ ನಿರೋಧಕಗಳದು ಮತ್ತು ಹುಳಿಯ ಪ್ರಮಾಣವನ್ನು ಹಿಡಿತದಲ್ಲಿಡುವವುಗಳದು, 400ರದು ಗಟ್ಟಿ ಮಾಡುವ ಮತ್ತು ಎಣ್ಣೆ–ನೀರನ್ನು ಬೆರೆಸಿ ಹಿಡಿಯುವವುಗಳದು, 600ರದು ರುಚಿ ಹೆಚ್ಚಿಸುವವುಗಳದು. ಸಂಖ್ಯೆಯು ಆ ಪದಾರ್ಥದ ರಾಸಾಯನಿಕ ಗುರುತನ್ನೂ ಅದು ಮಾಡುವ ಕೆಲಸವನ್ನೂ ಹೇಳುತ್ತದೆ, ಅದು ಎಲ್ಲಿಂದ ಬಂತು ಎಂಬುದನ್ನು ಹೇಳುವುದಿಲ್ಲ. ನಮ್ಮ ಪ್ರಶ್ನೆ ಇರುವುದು ಎಲ್ಲಿಂದ ಬಂತು ಎಂಬುದರಲ್ಲಿಯೇ. ಪಟ್ಟಿಗಳು ಒಂದಕ್ಕೊಂದು ತಾಳೆಯಾಗದಿರುವುದಕ್ಕೆ ಕಾರಣವೂ ಇದೇ.

471ನ್ನೇ ನೋಡೋಣ. ಕೊಬ್ಬು ಅಥವಾ ಎಣ್ಣೆಯನ್ನು ಗ್ಲಿಸರಾಲ್ ಜೊತೆ ಸೇರಿಸಿ, ಸ್ವಲ್ಪ ಕ್ಷಾರವನ್ನು ವೇಗವರ್ಧಕವಾಗಿ ಹಾಕಿ, 200 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಶಾಖದಲ್ಲಿ ಕಾಯಿಸಿದಾಗ ಕೊಬ್ಬಿನ ಅಣುಗಳು ಒಡೆದು ಮರುಜೋಡಣೆಯಾಗಿ ಮೊನೊಗ್ಲಿಸರೈಡ್ ಮತ್ತು ಡೈಗ್ಲಿಸರೈಡ್‌ಗಳಾಗುತ್ತವೆ. ಇದಕ್ಕೆ ತಾಳೆ ಎಣ್ಣೆ, ಸೋಯಾ ಎಣ್ಣೆ, ಸೂರ್ಯಕಾಂತಿ ಎಣ್ಣೆಗಳನ್ನು ಬಳಸಬಹುದು, ದನದ ಕೊಬ್ಬನ್ನೂ ಹಂದಿಯ ಕೊಬ್ಬನ್ನೂ ಬಳಸಬಹುದು. ಎಲ್ಲದರಿಂದಲೂ ಬರುವುದು ಬಿಳಿಯ, ಮೇಣದಂತೆ ಬೆರಳಿಗೆ ಹತ್ತುವ ಸಣ್ಣ ಮಣಿಗಳು ಅಥವಾ ಪುಡಿ. ಎರಡು ಮೂಲದ ಮಾದರಿಗಳನ್ನು ಅಕ್ಕಪಕ್ಕದ ಬಟ್ಟಲುಗಳಲ್ಲಿಟ್ಟರೆ ಅದೇ ಕೆಲಸದಲ್ಲಿದ್ದ ನನಗೂ ಕಣ್ಣಿನಿಂದಾಗಲಿ ವಾಸನೆಯಿಂದಾಗಲಿ ಗುರುತು ಹಿಡಿಯಲು ಆಗುತ್ತಿರಲಿಲ್ಲ.

ಪ್ರಯೋಗಾಲಯಕ್ಕೆ ಕಳುಹಿಸಿದರೆ ಗೊತ್ತಾಗುವುದಿಲ್ಲವೇ ಎಂದು ಕೇಳಬಹುದು. ಮಾಂಸದಲ್ಲಿ ಹಂದಿಯ ಅಂಶವಿದ್ದರೆ ಪಿಸಿಆರ್ ಪರೀಕ್ಷೆಯು ಡಿಎನ್‌ಎ ಮೂಲಕ ಪತ್ತೆ ಮಾಡುತ್ತದೆ. ಆದರೆ ಶುದ್ಧೀಕರಿಸಿ, ಅಷ್ಟು ಶಾಖದಲ್ಲಿ ಬೇಯಿಸಿದ ಕೊಬ್ಬಿನಲ್ಲಿ ಹುಡುಕಲು ಡಿಎನ್‌ಎ ಉಳಿದಿರುವುದಿಲ್ಲ. ಕಚ್ಚಾ ಹಂದಿಕೊಬ್ಬಿಗೆ ಒಂದು ವಿಶೇಷ ಲಕ್ಷಣವಿದೆ: ಅದರ ಅಣುವಿನ ನಡುವಿನ ಸ್ಥಾನದಲ್ಲಿ ಪಾಮಿಟಿಕ್ ಆಮ್ಲವೇ ಹೆಚ್ಚಾಗಿ ಕುಳಿತಿರುತ್ತದೆ, ಸಸ್ಯದ ಎಣ್ಣೆಗಳಲ್ಲಿ ಹಾಗಿರುವುದಿಲ್ಲ. 471 ತಯಾರಿಸುವಾಗ ಈ ಸ್ಥಾನಗಳು ಕಲಸಿಹೋಗುವುದರಿಂದ ಆ ಗುರುತೂ ಅಳಿಸಿಹೋಗುತ್ತದೆ. ಹೀಗಾಗಿ 471ರ ವಿಷಯದಲ್ಲಿ ಪ್ರಯೋಗಾಲಯಕ್ಕಿಂತ ತಯಾರಕರ ಖರೀದಿ ದಾಖಲೆಯೇ ಹೆಚ್ಚು ಗಟ್ಟಿಯಾದ ಸಾಕ್ಷಿ. ತಯಾರಕರನ್ನೇ ಬರೆದು ಕೇಳುವುದು ಸರಿಯಾದ ದಾರಿ.

ಎಲ್ಲ ಸಂಖ್ಯೆಗಳ ಬಗ್ಗೆಯೂ ಬರೆಯಬೇಕಾಗಿಲ್ಲ. 330 ಸಿಟ್ರಿಕ್ ಆಮ್ಲವನ್ನು ಸಕ್ಕರೆಯ ದ್ರಾವಣದಲ್ಲಿ ಆಸ್ಪರ್ಜಿಲಸ್ ಎಂಬ ಬೂಷ್ಟನ್ನು ಬೆಳೆಸಿ ಪಡೆಯುತ್ತಾರೆ. 406 ಅಗರ್ ಮತ್ತು 407 ಕ್ಯಾರಜೀನನ್ ಸಮುದ್ರದ ಪಾಚಿಯಿಂದ ಬರುತ್ತವೆ. 440 ಪೆಕ್ಟಿನ್ ನಿಂಬೆ ಜಾತಿಯ ಹಣ್ಣುಗಳ ಸಿಪ್ಪೆ ಹಾಗೂ ಸೇಬಿನ ಚರಟದಿಂದ ಬರುತ್ತದೆ. 500 ಅಡುಗೆ ಸೋಡಾದ ಕುಟುಂಬ. ಇವುಗಳ ಮೂಲದ ಬಗ್ಗೆ ನಿಶ್ಚಿಂತೆಯಿಂದಿರಬಹುದು. 322 ಲೆಸಿಥಿನ್ ಸಾಮಾನ್ಯವಾಗಿ ಸೋಯಾ ಅಥವಾ ಸೂರ್ಯಕಾಂತಿಯದು, ಕೆಲವೊಮ್ಮೆ ಮೊಟ್ಟೆಯದು.

ಕೊಬ್ಬಿನಾಮ್ಲ ಸೇರಿರುವ ಕುಟುಂಬದಲ್ಲಿ ಮಾತ್ರ ಪ್ರಶ್ನೆ ಏಳುತ್ತದೆ: 422 ಗ್ಲಿಸರಾಲ್, 432ರಿಂದ 436ರವರೆಗಿನ ಪಾಲಿಸಾರ್ಬೇಟ್‌ಗಳು, 470ರಿಂದ 477, 481 ಮತ್ತು 482, 491ರಿಂದ 495, 570, ಹಾಗೂ ನಿಮ್ಮ ಮಾತ್ರೆಯಲ್ಲಿರುವ 572, ಅಂದರೆ ಮೆಗ್ನೀಸಿಯಂ ಸ್ಟಿಯರೇಟ್. ಇವುಗಳಲ್ಲಿ ಚಾಕೊಲೇಟಿನಲ್ಲಿ ಕಾಣುವ 476ರ ಕೊಬ್ಬಿನಾಮ್ಲ ಹರಳೆಣ್ಣೆಯಿಂದ ಬರುವುದರಿಂದ ಅದರಲ್ಲಿ ಉಳಿಯುವ ಪ್ರಶ್ನೆ ಗ್ಲಿಸರಾಲ್‌ನದು ಮಾತ್ರ. 542 ಮೂಳೆಯಿಂದ ಮಾಡಿದ ಫಾಸ್ಫೇಟ್. 631 ಮಾಂಸ ಅಥವಾ ಮೀನಿನಿಂದಲೂ ಬರಬಹುದು, ಹುದುಗುವಿಕೆಯಿಂದಲೂ ಬರಬಹುದು. ಹಳೆಯ ಪಟ್ಟಿಗಳಲ್ಲಿ 441 ಎಂದಿರುವ ಜೆಲಟಿನ್ ಕೋಡೆಕ್ಸ್ ಪಟ್ಟಿಯಲ್ಲಿ 428. ಐರೋಪ್ಯ ಒಕ್ಕೂಟದಲ್ಲಿ ಅದನ್ನು ಸೇರ್ಪಡೆಯೆಂದು ಪರಿಗಣಿಸದೆ ಆಹಾರ ಪದಾರ್ಥವೆಂದು ಪರಿಗಣಿಸುವುದರಿಂದ ಹೆಸರಿನಿಂದಲೇ ಬರೆಯುತ್ತಾರೆ. ಸಂಖ್ಯೆಗಳನ್ನು ಮಾತ್ರ ಹುಡುಕುವವರ ಕಣ್ಣಿಗೆ ಅದು ತಪ್ಪಿಹೋಗುವ ಸಂಭವವಿದೆ.

ಫಿಕ್ಹ್ ಅಧ್ಯಯನ ಮಾಡಿದವರು:

ಮೇಲಿನ ಸಹೋದರರು ಮೂಲದ ವಿಷಯವನ್ನು ಚೆನ್ನಾಗಿ ವಿವರಿಸಿದ್ದಾರೆ. ಮೂಲ ಗೊತ್ತಾದ ಮೇಲೆ ಫಿಕ್ಹ್, ಅಂದರೆ ಇಸ್ಲಾಮೀ ಧರ್ಮಶಾಸ್ತ್ರದ ಪ್ರಕಾರ ಬರುವ ತೀರ್ಮಾನದ ಬಗ್ಗೆ ನಾಲ್ಕು ಮಾತು ಸೇರಿಸುತ್ತೇನೆ.

ಮೊದಲನೆಯದಾಗಿ, ‘ಹಂದಿಯದಲ್ಲ, ದನದ್ದು’ ಎಂಬ ಉತ್ತರ ಬಂದ ಕೂಡಲೇ ಸಮಾಧಾನಪಡುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ಅದು ಸಾಲದು. ಕುರ್‌ಆನ್‌ನ ಸೂರಾ (ಅಧ್ಯಾಯ) ಅಲ್ ಮಾಇದಾದ 3ನೆಯ ವಚನದಲ್ಲಿ ಹಂದಿಯ ಮಾಂಸದೊಂದಿಗೆ ಸತ್ತ ಪ್ರಾಣಿಯನ್ನೂ ಅಲ್ಲಾಹನಲ್ಲದವರ ಹೆಸರಿನಲ್ಲಿ ಕೊಯ್ದದ್ದನ್ನೂ ನಿಷೇಧಿಸಲಾಗಿದೆ. ದನದ ಚರ್ಮ, ಮೂಳೆ, ಕೊಬ್ಬುಗಳಿಂದ ತೆಗೆದ ಪದಾರ್ಥವಾದರೆ ಆ ದನವನ್ನು ಶರೀಅತ್‌ನ ಕ್ರಮದಂತೆ ಝಬಹ್ ಮಾಡಲಾಗಿತ್ತೇ (ಕೊಯ್ಯಲಾಗಿತ್ತೇ) ಎಂಬುದು ಎರಡನೆಯ ಪ್ರಶ್ನೆಯಾಗುತ್ತದೆ. ಮೀನಿನ ಜೆಲಟಿನ್‌ಗೆ ಈ ಪ್ರಶ್ನೆ ಬರುವುದಿಲ್ಲ.

ಎರಡನೆಯದು ಇಸ್ತಿಹಾಲಾ, ಅಂದರೆ ಒಂದು ವಸ್ತು ತನ್ನ ಸ್ವರೂಪವನ್ನೇ ಬಿಟ್ಟು ಬೇರೊಂದು ವಸ್ತುವಾಗಿ ಮಾರ್ಪಡುವುದು. ಮದ್ಯವು ತಾನಾಗಿ ವಿನೆಗರ್ ಆದರೆ ಅದು ಶುದ್ಧ ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ವಿನೆಗರ್ ಒಳ್ಳೆಯ ವ್ಯಂಜನವೆಂದು ಪ್ರವಾದಿ (ಸ) ಹೇಳಿದ್ದು ಸಹೀಹ್ ಮುಸ್ಲಿಮ್ ಎಂಬ ಹದೀಸ್ (ಪ್ರವಾದಿಯವರ ಮಾತುಗಳ) ಸಂಗ್ರಹದಲ್ಲಿದೆ. ಹನಫಿ ಮತ್ತು ಮಾಲಿಕಿ ಮಝ್‌ಹಬ್‌ಗಳ (ಧರ್ಮಶಾಸ್ತ್ರ ಪಂಥಗಳ) ವಿದ್ವಾಂಸರು ಈ ತತ್ತ್ವವನ್ನು ವಿಶಾಲವಾಗಿ ಅನ್ವಯಿಸುತ್ತಾರೆ. ಉಪ್ಪಿನ ಗಣಿಯಲ್ಲಿ ಬಿದ್ದ ಕತ್ತೆ ಕಾಲಾಂತರದಲ್ಲಿ ಉಪ್ಪೇ ಆಗಿಬಿಟ್ಟರೆ ಅದು ಉಪ್ಪು ಎಂಬುದು ಹನಫಿ ಗ್ರಂಥಗಳ ಪ್ರಸಿದ್ಧ ಉದಾಹರಣೆ. ಶಾಫಿಈ ಮಝ್‌ಹಬ್‌ನಲ್ಲಿ ಇದರ ವ್ಯಾಪ್ತಿ ಬಹಳ ಕಡಿಮೆ. ತಾನಾಗಿ ವಿನೆಗರ್ ಆದ ಮದ್ಯ, ಹದ ಮಾಡಿದ ಚರ್ಮ ಮೊದಲಾದ ಕೆಲವಕ್ಕೆ ಅದು ಸೀಮಿತ.

ಜೆಲಟಿನ್ ನಿಜವಾಗಿ ಮಾರ್ಪಟ್ಟಿದೆಯೇ ಎಂಬಲ್ಲಿ ಭಿನ್ನಾಭಿಪ್ರಾಯ ಹುಟ್ಟುತ್ತದೆ. 1986ರಲ್ಲಿ ಅಮ್ಮಾನ್‌ನಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯು ಹಂದಿಯಿಂದ ತೆಗೆದ ಜೆಲಟಿನ್‌ನ ಬಳಕೆ ಮುಸ್ಲಿಮರಿಗೆ ಸಲ್ಲದು ಎಂದು ತೀರ್ಮಾನಿಸಿತು. 1995ರಲ್ಲಿ ಕುವೈತ್‌ನಲ್ಲಿ ನಡೆದ ಇಸ್ಲಾಮೀ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಗೋಷ್ಠಿಯು ಅಶುದ್ಧ ಪ್ರಾಣಿಯ ಚರ್ಮ, ಮೂಳೆ, ಸ್ನಾಯುರಜ್ಜುಗಳು ಮಾರ್ಪಟ್ಟು ಉಂಟಾದ ಜೆಲಟಿನ್ ಶುದ್ಧವೆಂಬ ಅಭಿಪ್ರಾಯಕ್ಕೆ ಬಂತು. ಜೆಲಟಿನ್ ಎಂದರೆ ಚರ್ಮ ಮತ್ತು ಮೂಳೆಯ ಕೊಲ್ಯಾಜನ್ ಎಂಬ ಸಸಾರಜನಕವನ್ನು ಆಮ್ಲ ಅಥವಾ ಸುಣ್ಣದ ನೀರಿನಲ್ಲಿ ನೆನೆಸಿ, ಬಿಸಿನೀರಿನಲ್ಲಿ ಬಿಡಿಸಿಕೊಂಡದ್ದು. ಇದನ್ನು ಮಾರ್ಪಾಡು ಎನ್ನುವುದಕ್ಕಿಂತ ಬಿಡಿಸುವಿಕೆ ಎನ್ನುವುದೇ ನನಗೆ ಸರಿಯಾಗಿ ಕಾಣುತ್ತದೆ. ಆದ್ದರಿಂದ ಮೊದಲ ಅಭಿಪ್ರಾಯವೇ ನನಗೆ ಬಲವಾಗಿ ತೋರುತ್ತದೆ. ಆದರೂ ಎರಡನೆಯ ಅಭಿಪ್ರಾಯವನ್ನು ಅನುಸರಿಸುವವರನ್ನು ಹರಾಮ್ ತಿನ್ನುವವರೆಂದು ಹಂಗಿಸುವ ಅಧಿಕಾರ ನಮಗಿಲ್ಲ.

ಕೀಟಗಳಿಂದ ಬರುವ 120 ಕಾರ್ಮೈನ್ ಬಣ್ಣದ ವಿಷಯವೂ ಹೀಗೆಯೇ. ಪಾಪಾಸುಕಳ್ಳಿಯ ಮೇಲೆ ಬದುಕುವ ಕೊಚಿನೀಲ್ ಎಂಬ ಹೆಣ್ಣು ಕೀಟಗಳನ್ನು ಒಣಗಿಸಿ, ಅರೆದು ಈ ಕೆಂಪನ್ನು ತೆಗೆಯುತ್ತಾರೆ. ಹನಫಿ ಮತ್ತು ಶಾಫಿಈ ವಿದ್ವಾಂಸರು ಮಿಡತೆಯ ಹೊರತು ಕೀಟಗಳನ್ನು ತಿನ್ನಲು ಸಾಮಾನ್ಯವಾಗಿ ಒಪ್ಪುವುದಿಲ್ಲ; ಮಾಲಿಕಿಗಳಲ್ಲಿ ಅವಕಾಶವಿದೆ. ಇಂಡೊನೇಷ್ಯಾದ ಉಲಮಾ (ಧಾರ್ಮಿಕ ವಿದ್ವಾಂಸರ) ಮಂಡಳಿ 2011ರಲ್ಲಿ ಈ ಬಣ್ಣಕ್ಕೆ ಅನುಮತಿ ಕೊಟ್ಟಿತು. 904 ಶೆಲ್ಲಾಕ್ ಎಂದರೆ ನಮಗೆ ಗೊತ್ತಿರುವ ಅರಗು. ಅದು ಕೀಟದ ದೇಹವಲ್ಲ, ಜೇನಿನಂತೆ ಕೀಟದಿಂದ ಹೊರಬಂದ ಸ್ರಾವ ಎಂದು ಅನೇಕ ವಿದ್ವಾಂಸರು ಅದನ್ನು ಅನುಮತಿಸುತ್ತಾರೆ.

ಒಬ್ಬ ಓದುಗರು:

ಕ್ಷಮಿಸಿ, ಆದರೆ ನನಗೆ ಈ ಇಡೀ ಚರ್ಚೆಯೇ ಅತಿಯೆನಿಸುತ್ತದೆ. ಹೊಸದಾಗಿ ಇಸ್ಲಾಮ್ ಸ್ವೀಕರಿಸಿದವರು ತಂದ ಮಾಂಸದ ಮೇಲೆ ಅಲ್ಲಾಹನ ಹೆಸರು ಹೇಳಿದ್ದರೋ ಇಲ್ಲವೋ ಗೊತ್ತಿಲ್ಲವೆಂದು ಜನರು ಕೇಳಿದಾಗ, ‘ನೀವೇ ಅಲ್ಲಾಹನ ಹೆಸರು ಹೇಳಿ ತಿನ್ನಿರಿ’ ಎಂದು ಪ್ರವಾದಿ (ಸ) ಹೇಳಿದ್ದನ್ನು ಹಝ್ರತ್ ಆಯಿಶಾ (ರ) ವರದಿ ಮಾಡಿದ್ದಾರೆ, ಅದು ಬುಖಾರಿ ಹದೀಸ್ ಸಂಗ್ರಹದಲ್ಲಿದೆ. ಒಂದು ಚಿಟಿಕೆ ಎಮಲ್ಸಿಫೈಯರ್‌ಗಾಗಿ ಭೂತಗನ್ನಡಿ ಹಿಡಿದು ಕುಳಿತುಕೊಳ್ಳುವುದು ವಸ್‌ವಾಸ್ ಆಗುವುದಿಲ್ಲವೇ? ದೀನ್ (ಧರ್ಮ) ಸುಲಭವಾದದ್ದು. ಅದನ್ನು ನಾವೇ ಕಷ್ಟ ಮಾಡಿಕೊಂಡರೆ ಮಕ್ಕಳು ದೀನ್‌ನಿಂದಲೇ ದೂರವಾಗುತ್ತಾರೆ.

ಫಿಕ್ಹ್ ಅಧ್ಯಯನ ಮಾಡಿದವರು:

ತಾವು ಉಲ್ಲೇಖಿಸಿದ ಹದೀಸ್ ಸರಿಯಾಗಿದೆ, ತಮ್ಮ ಕಳಕಳಿಯೂ ಸರಿಯಾಗಿದೆ. ಆದರೆ ಆ ಹದೀಸ್‌ನಲ್ಲಿ ಮಾಂಸ ತಂದವರು ಮುಸ್ಲಿಮರು. ಮುಸ್ಲಿಮನ ಬಗ್ಗೆ ಸದ್ಭಾವನೆ ಇಟ್ಟುಕೊಳ್ಳಬೇಕು ಎಂಬ ನೆಲೆಗಟ್ಟು ಅಲ್ಲಿತ್ತು. ಹಂದಿಯ ಕೊಬ್ಬನ್ನೂ ತಾಳೆ ಎಣ್ಣೆಯನ್ನೂ ಬೆಲೆ ನೋಡಿ ಒಂದರ ಬದಲಿಗೆ ಇನ್ನೊಂದನ್ನು ಕೊಳ್ಳುವ ಕಾರ್ಖಾನೆಗೆ ಆ ಸದ್ಭಾವನೆಯನ್ನು ಹಾಗೆಯೇ ಅನ್ವಯಿಸಲು ಬರುವುದಿಲ್ಲ. ಹಝ್ರತ್ ನುಅ್‌ಮಾನ್ ಇಬ್ನ್ ಬಶೀರ್ (ರ) ವರದಿ ಮಾಡಿದ ಇನ್ನೊಂದು ಹದೀಸ್ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ: ಹಲಾಲ್ ಸ್ಪಷ್ಟವಿದೆ, ಹರಾಮ್ ಸ್ಪಷ್ಟವಿದೆ, ಅವೆರಡರ ನಡುವೆ ಅನೇಕ ಜನರಿಗೆ ತಿಳಿಯದ ಸಂಶಯಾಸ್ಪದ ವಿಷಯಗಳಿವೆ, ಅವುಗಳಿಂದ ದೂರವಿದ್ದವನು ತನ್ನ ದೀನ್ ಮತ್ತು ಮಾನವನ್ನು ಕಾಪಾಡಿಕೊಂಡನು.

ವಸ್‌ವಾಸ್ ಎಂದರೆ ಆಧಾರವಿಲ್ಲದ ಸಂಶಯ. ಸಿಟ್ರಿಕ್ ಆಮ್ಲದಲ್ಲಿ ಹಂದಿ ಇರಬಹುದೇ ಎಂದು ಚಿಂತಿಸುತ್ತ ಕುಳಿತರೆ ಅದು ವಸ್‌ವಾಸ್. 471 ಎರಡೂ ಮೂಲದಿಂದ ಬರುತ್ತದೆಂದು ತಿಳಿದ ಮೇಲೆ ಒಮ್ಮೆ ಬರೆದು ಕೇಳುವುದು ವಿಚಾರಣೆ. ಕೇಳಿ, ಉತ್ತರ ಸಿಕ್ಕ ಮೇಲೂ ಮತ್ತೆ ಮತ್ತೆ ಕೆದಕತೊಡಗಿದರೆ ಆಗ ನಿಲ್ಲಿಸಬೇಕೆಂದು ನಾನೂ ಹೇಳುತ್ತೇನೆ. ಬೇರೆಯವರ ಮನೆಗೆ ಊಟಕ್ಕೆ ಹೋದಾಗ ಅವರ ಅಡುಗೆಮನೆಯ ಪೊಟ್ಟಣಗಳನ್ನು ತಿರುವಿ ಓದುವುದೂ ಸಲ್ಲದು.

ಬೇಕರಿಯಲ್ಲಿ ಕೆಲಸ ಮಾಡುವವರು:

ಬ್ರೆಡ್ಡಿನ ಬಗ್ಗೆ ಒಂದು ಮಾತು. ಹಿಟ್ಟನ್ನು ಬೇಗ ಮೆದುವಾಗಿಸಲು ‘ಇಂಪ್ರೂವರ್’ ಎಂಬ ಪುಡಿಯನ್ನು ಬಳಸುವುದುಂಟು. ಅದರ ಚೀಲದ ಹಿಂಬದಿಯಲ್ಲಿ ಅಮೈಲೇಸ್ ಎಂಬ ಕಿಣ್ವ, 300 ಅಂದರೆ ವಿಟಮಿನ್ ಸಿ, 472ಇ, ಕೆಲವೊಮ್ಮೆ 920 ಎಂದಿರುತ್ತದೆ. 920 ಎಂದರೆ ಎಲ್–ಸಿಸ್ಟೀನ್. ಇದನ್ನು ಬಾತುಕೋಳಿಯ ಗರಿ, ಹಂದಿಯ ಬಿರುಗೂದಲು, ಮನುಷ್ಯರ ಕೂದಲುಗಳಿಂದ ತೆಗೆಯಬಹುದು, ಹುದುಗುವಿಕೆಯಿಂದಲೂ ತಯಾರಿಸಬಹುದು. ಐರೋಪ್ಯ ಒಕ್ಕೂಟದಲ್ಲಿ ಆಹಾರಕ್ಕೆ ಮನುಷ್ಯರ ಕೂದಲಿನದನ್ನು ಬಳಸುವಂತಿಲ್ಲ. ನಾನು ಕೆಲಸ ಮಾಡುವಲ್ಲಿ ಎರಡು ವರ್ಷ ಬಳಸಿದ ಪುಡಿಯಲ್ಲಿ 920 ಇತ್ತು. ಅದು ನನಗೆ ಗೊತ್ತಾದದ್ದು ಚೀಲ ಖಾಲಿಯಾಗಿ, ಮಡಚಿಡುವಾಗ ಹಿಂಬದಿ ಕಣ್ಣಿಗೆ ಬಿದ್ದ ದಿನ. ನಾನೇ ನನ್ನ ಕೈಯಿಂದ ಅಷ್ಟೂ ದಿನ ಹಾಕಿದ್ದೆನೆಂಬುದು ಮನಸ್ಸನ್ನು ಬಹಳ ನೋಯಿಸಿತು. ಯಜಮಾನರಿಗೆ ಹೇಳಿದಾಗ ಅವರು ಬೇಸರಿಸಿಕೊಳ್ಳದೆ ಪೂರೈಕೆದಾರರನ್ನು ವಿಚಾರಿಸಿದರು. ಗರಿಯಿಂದ ತೆಗೆದದ್ದು ಎಂದು ಉತ್ತರ ಬಂತು. ಈಗ 920 ಇಲ್ಲದ ಪುಡಿಯನ್ನು ತರಿಸುತ್ತಾರೆ. ಹಿಟ್ಟು ನಾದಲು ಸ್ವಲ್ಪ ಹೆಚ್ಚು ಹೊತ್ತು ಬೇಕಾಗುತ್ತದೆ, ಅಷ್ಟೇ.

ಬ್ರೆಡ್ ಅಚ್ಚಿಗೆ ಅಂಟದಿರಲು ಸವರುವ ಜಿಡ್ಡು ಯಾವುದು ಎಂಬುದನ್ನೂ ವಿಚಾರಿಸಬೇಕು. ಅದು ತಯಾರಿಕೆಯ ಸಹಾಯಕ ವಸ್ತುವಾದ್ದರಿಂದ ಪೊಟ್ಟಣದ ಮೇಲೆ ಬರುವುದಿಲ್ಲ.

ಪ್ರಶ್ನೆ ಕೇಳಿದ ತಾಯಿ:

ಎಲ್ಲರಿಗೂ ಜಝಾಕುಮುಲ್ಲಾಹು ಖೈರನ್. ಬಿಸ್ಕತ್ತು ಮತ್ತು ಬ್ರೆಡ್ ತಯಾರಕರಿಗೆ ಪತ್ರ ಬರೆದೆ. ‘ನಿಮ್ಮ ಉತ್ಪನ್ನ ಹಲಾಲೇ?’ ಎಂದು ಮಾತ್ರ ಕೇಳಿದ್ದೆ. ಬಿಸ್ಕತ್ತಿನವರಿಂದ ಎರಡು ದಿನದಲ್ಲಿ ಉತ್ತರ ಬಂತು: ‘ನಮ್ಮ ಉತ್ಪನ್ನದಲ್ಲಿ ಹಂದಿಮಾಂಸವಿಲ್ಲ.’ ಬ್ರೆಡ್ಡಿನವರು ‘ನಮ್ಮ ಉತ್ಪನ್ನಗಳು ಎಲ್ಲ ಸರ್ಕಾರಿ ನಿಯಮಗಳಿಗೆ ಅನುಗುಣವಾಗಿವೆ’ ಎಂದು ಬರೆದರು. ಓದಿದಾಗ ಸಂತೋಷವಾಯಿತು, ಮತ್ತೊಮ್ಮೆ ಓದಿದಾಗ ಎರಡೂ ನನ್ನ ಪ್ರಶ್ನೆಗೆ ಉತ್ತರವಲ್ಲ ಎನಿಸಿತು. ನಾನು ಕೇಳಿದ್ದರಲ್ಲೇ ತಪ್ಪಿದೆಯೇ?

ಗುಣಮಟ್ಟ ವಿಭಾಗದಲ್ಲಿ ಕೆಲಸ ಮಾಡಿದವರು:

ನಿಮ್ಮ ಅನಿಸಿಕೆ ಸರಿ, ಸಹೋದರಿ. ಹಂದಿಮಾಂಸವಿಲ್ಲ ಎಂಬ ಮಾತು ಹಂದಿಯ ಕೊಬ್ಬಿನಿಂದ ತಯಾರಾದ 471ರ ಬಗ್ಗೆ ಏನನ್ನೂ ಹೇಳುವುದಿಲ್ಲ. ಗ್ರಾಹಕರ ವಿಭಾಗದಲ್ಲಿ ಕುಳಿತವರಿಗೆ ಹಲಾಲ್ ಎಂದರೇನು ಎಂಬುದು ತಿಳಿದಿರಬೇಕೆಂದಿಲ್ಲ, ಆದರೆ ಮೂಲ ಯಾವುದೆಂದು ಕೇಳಿದರೆ ಅವರು ಕಡತ ತೆರೆದು ನೋಡಲು ಸಾಧ್ಯವಿದೆ. ಆದ್ದರಿಂದ ಪತ್ರದಲ್ಲಿ ಉತ್ಪನ್ನದ ಪೂರ್ಣ ಹೆಸರು ಮತ್ತು ಪೊಟ್ಟಣದ ಮೇಲಿನ ಬ್ಯಾಚ್ ಸಂಖ್ಯೆಯನ್ನು ಕೊಟ್ಟು ಹೀಗೆ ಕೇಳಿ: ‘ಇದರಲ್ಲಿರುವ 471ರ ತಯಾರಿಕೆಗೆ ಬಳಸಿದ ಕೊಬ್ಬಿನಾಮ್ಲ ಮತ್ತು ಗ್ಲಿಸರಾಲ್ ಎರಡೂ ಸಸ್ಯಮೂಲದವೇ? ಪ್ರಾಣಿಮೂಲದವಾದರೆ ಯಾವ ಪ್ರಾಣಿಯದು? ಸುವಾಸನೆಯ ದ್ರಾವಕವಾಗಿ ಮದ್ಯಸಾರವನ್ನು ಬಳಸಲಾಗಿದೆಯೇ? ಇದೇ ಯಂತ್ರಸಾಲಿನಲ್ಲಿ ಹಂದಿಮೂಲದ ಪದಾರ್ಥವಿರುವ ಬೇರೆ ಉತ್ಪನ್ನಗಳನ್ನು ತಯಾರಿಸುತ್ತೀರಾ?’ ಹೌದು, ಇಲ್ಲ ಎಂದು ಉತ್ತರಿಸಬಹುದಾದ ಪ್ರಶ್ನೆಗಳಾದರೆ ನುಣುಚಿಕೊಳ್ಳಲು ಜಾಗವಿರುವುದಿಲ್ಲ. ಉತ್ತರ ಬಂದ ಪತ್ರವನ್ನು ದಿನಾಂಕದೊಂದಿಗೆ ಇಟ್ಟುಕೊಳ್ಳಿ. ಪೂರೈಕೆದಾರರು ಬದಲಾದರೆ ಮೂಲವೂ ಬದಲಾಗಬಹುದು, ಆದ್ದರಿಂದ ವರ್ಷಕ್ಕೊಮ್ಮೆ ಮತ್ತೆ ಕೇಳಬೇಕು.

ಸಸ್ಯಾಹಾರಿ ಗುರುತು ಇದ್ದರೆ 471, 572, ಜೆಲಟಿನ್‌ಗಳ ಪ್ರಶ್ನೆ ಬಹುಮಟ್ಟಿಗೆ ಬಗೆಹರಿಯುತ್ತದೆ, ಮದ್ಯಸಾರದ ಪ್ರಶ್ನೆ ಬಗೆಹರಿಯುವುದಿಲ್ಲ. ವೆನಿಲ್ಲಾ ಸಾರವನ್ನೇ ನೋಡಿ. ಅಮೆರಿಕದ ನಿಯಮದಂತೆ ಆ ಹೆಸರಿನಲ್ಲಿ ಮಾರುವ ದ್ರವದಲ್ಲಿ ಕನಿಷ್ಠ 35 ಪ್ರತಿಶತ ಮದ್ಯಸಾರ ಇರಲೇಬೇಕು. ಅದು ಸಂಪೂರ್ಣ ಸಸ್ಯಾಹಾರಿ.

ಪದಾರ್ಥಪಟ್ಟಿಯಲ್ಲಿ ಎಂದೂ ಕಾಣದ ಒಂದು ವಿಷಯವನ್ನೂ ಹೇಳಬೇಕು. ವಿಟಮಿನ್ ಎ, ಡಿ ಮತ್ತು ಬೀಟಾ ಕ್ಯಾರೊಟಿನ್ ಎಣ್ಣೆಯಲ್ಲಿ ಕರಗುವಂಥವು, ಗಾಳಿ ತಗುಲಿದರೆ ಕೆಡುತ್ತವೆ. ಅವುಗಳನ್ನು ಪುಡಿಯಾಗಿಸಲು ಸಣ್ಣ ಸಣ್ಣ ಹನಿಗಳ ಸುತ್ತ ಒಂದು ಕವಚವನ್ನು ಕಟ್ಟುತ್ತಾರೆ. ಆ ಕವಚ ಮಾರ್ಪಡಿಸಿದ ಪಿಷ್ಟದ್ದಾಗಿರಬಹುದು, ಜೆಲಟಿನ್‌ನದೂ ಆಗಿರಬಹುದು. ಪೊಟ್ಟಣದ ಮೇಲೆ ‘ವಿಟಮಿನ್ ಎ’ ಎಂದಷ್ಟೇ ಬರೆದಿರುವ ಸಂಭವವಿದೆ. ನಿಮ್ಮ ಮಕ್ಕಳ ಮಾತ್ರೆಯ ತಯಾರಕರಿಗೆ ಬರೆಯುವಾಗ 572ರ ಜೊತೆಗೆ ಇದನ್ನೂ ಕೇಳಿ. ನನ್ನ ದೃಷ್ಟಿಯಲ್ಲಿ ಬಿಸ್ಕತ್ತಿಗಿಂತ ಅದೇ ಮುಖ್ಯವಾದ ಪ್ರಶ್ನೆ.

ಪ್ರಮಾಣಪತ್ರಗಳ ಬಗ್ಗೆ ಕೇಳಿದವರು:

ಇಷ್ಟೆಲ್ಲ ಪತ್ರ ಬರೆಯುವ ಬದಲು ಹಲಾಲ್ ಮುದ್ರೆ ಇರುವುದನ್ನೇ ಕೊಂಡರೆ ಸಾಲದೇ? ಸಂಖ್ಯೆ ಬರೆದರೆ ಹಲಾಲ್ ಅಥವಾ ಹರಾಮ್ ಎಂದು ಹೇಳುವ ಮೊಬೈಲ್ ಆಪ್‌ಗಳೂ ಇವೆಯಲ್ಲ?

ಗುಣಮಟ್ಟ ವಿಭಾಗದಲ್ಲಿ ಕೆಲಸ ಮಾಡಿದವರು:

ಆಪ್‌ಗಳು ಸಂಖ್ಯೆಯನ್ನಷ್ಟೇ ನೋಡಿ ಹೇಳುತ್ತವೆಯಾದರೆ ಅವೂ ಪಟ್ಟಿಗಳೇ. ಯಾವ ಸಂಖ್ಯೆಯನ್ನು ವಿಚಾರಿಸಬೇಕು ಎಂದು ತಿಳಿಯಲು ಮಾತ್ರ ಅವು ಉಪಯೋಗಕ್ಕೆ ಬರುತ್ತವೆ.

ಮುದ್ರೆಯ ವಿಷಯ ಬೇರೆ. ಒಳ್ಳೆಯ ಪ್ರಮಾಣೀಕರಣ ಸಂಸ್ಥೆಯು ನಾವು ಪತ್ರದಲ್ಲಿ ಕೇಳುವ ಪ್ರಶ್ನೆಗಳನ್ನೇ ಕಾರ್ಖಾನೆಯ ಒಳಗೆ ಹೋಗಿ, ಖರೀದಿಯ ಕಡತಗಳನ್ನು ತೆರೆಸಿ ಕೇಳುತ್ತದೆ. ಕೋಡೆಕ್ಸ್ ಆಯೋಗ 1997ರಲ್ಲಿಯೇ ‘ಹಲಾಲ್’ ಎಂಬ ಪದದ ಬಳಕೆಗೆ ಮಾರ್ಗಸೂಚಿಯನ್ನು ಕೊಟ್ಟಿದೆ. ಮಲೇಷ್ಯಾದ ಎಂಎಸ್ 1500 ಮಾನದಂಡ ಪ್ರಸಿದ್ಧವಾದದ್ದು. ಇಸ್ಲಾಮೀ ಸಹಕಾರ ಸಂಘಟನೆಯ ಮಾನದಂಡ ಸಂಸ್ಥೆಯಾದ ಎಸ್‌ಎಂಐಐಸಿ 2020ರಲ್ಲಿ ಸೇರ್ಪಡೆ ಪದಾರ್ಥಗಳಿಗೆಂದೇ 24ನೆಯ ಸಂಖ್ಯೆಯ ಮಾನದಂಡವನ್ನು ಹೊರತಂದಿತು. ಇಂಡೊನೇಷ್ಯಾ 2014ರ 33ನೆಯ ಕಾನೂನಿನ ಮೂಲಕ ಪ್ರಮಾಣೀಕರಣವನ್ನು ಕಡ್ಡಾಯವಾಗಿಸಿತು. ಮುದ್ರೆಯಲ್ಲಿ ಯಾವ ಸಂಸ್ಥೆಯ ಹೆಸರಿದೆ ಎಂದು ನೋಡಿ. ಆ ಸಂಸ್ಥೆಯ ಪಟ್ಟಿಯಲ್ಲಿ ಈ ಉತ್ಪನ್ನವಿದೆಯೇ, ಪ್ರಮಾಣಪತ್ರದ ಅವಧಿ ಮುಗಿದಿಲ್ಲವೇ ಎಂದು ತಾಳೆ ನೋಡಿ. ಸಂಸ್ಥೆಯ ಹೆಸರಿಲ್ಲದೆ ಬರಿಯ ‘ಹಲಾಲ್’ ಎಂದು ಅಚ್ಚು ಹಾಕಿದ್ದರೆ ಅದು ತಯಾರಕರ ಸ್ವಂತ ಮಾತು ಮಾತ್ರ.

ಸಂಸ್ಥೆಗಳು ಎಷ್ಟು ಆಳಕ್ಕೆ ಇಳಿದು ನೋಡುತ್ತವೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. 2001ರ ಜನವರಿಯಲ್ಲಿ ಇಂಡೊನೇಷ್ಯಾದಲ್ಲಿ 621, ಅಂದರೆ ಮೊನೊಸೋಡಿಯಂ ಗ್ಲುಟಮೇಟ್ ಎಂಬ ರುಚಿಕಾರಕದ ಬಗ್ಗೆ ದೊಡ್ಡ ಗದ್ದಲವಾಯಿತು. ಆ ಪದಾರ್ಥ ಸಕ್ಕರೆಯ ಅಂಶವನ್ನು ಬ್ಯಾಕ್ಟೀರಿಯಾ ಹುದುಗಿಸಿದಾಗ ಉಂಟಾಗುವಂಥದ್ದು. ಅದರಲ್ಲಿ ಪ್ರಾಣಿಯ ಅಂಶವೇ ಇರುವುದಿಲ್ಲ. ಆದರೆ ಬ್ಯಾಕ್ಟೀರಿಯಾವನ್ನು ಬೆಳೆಸಿ ಕಾಪಿಡುವ ಪೋಷಕ ಮಾಧ್ಯಮದ ತಯಾರಿಕೆಯಲ್ಲಿ ಹಂದಿಯಿಂದ ತೆಗೆದ ಕಿಣ್ವವನ್ನು ಬಳಸಲಾಗಿತ್ತು. ಅಂತಿಮ ಹರಳುಗಳಲ್ಲಿ ಅದರ ಸುಳಿವಿರಲಿಲ್ಲ. ಆದರೂ ಅಲ್ಲಿನ ಉಲಮಾ ಮಂಡಳಿ ಆ ಉತ್ಪನ್ನವನ್ನು ಹರಾಮ್ ಎಂದಿತು, ತಯಾರಕರು ಅದನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಳ್ಳಬೇಕಾಯಿತು. ದೇಶದ ಅಧ್ಯಕ್ಷರಾಗಿದ್ದ, ಸ್ವತಃ ಧಾರ್ಮಿಕ ವಿದ್ವಾಂಸರಾದ ಅಬ್ದುರ್ರಹ್ಮಾನ್ ವಾಹಿದ್ ಅವರು ಅದು ಹಲಾಲ್ ಎಂದೇ ಅಭಿಪ್ರಾಯಪಟ್ಟಿದ್ದರು. ಮನೆಯಲ್ಲಿ ಕುಳಿತ ನಾವು ಅಷ್ಟು ಹಿಂದಕ್ಕೆ ಹೋಗಿ ನೋಡಲು ಸಾಧ್ಯವೇ ಇಲ್ಲ, ಆದ್ದರಿಂದಲೇ ನಂಬಿಕೆಗೆ ಅರ್ಹವಾದ ಪ್ರಮಾಣೀಕರಣ ಬೇಕಾಗುತ್ತದೆ.

ಫಿಕ್ಹ್ ಅಧ್ಯಯನ ಮಾಡಿದವರು:

ಚೀಸ್‌ನ ರೆನೆಟ್ ಬಗ್ಗೆ ಯಾರೂ ಬರೆದಿಲ್ಲವೆಂದು ಇದನ್ನು ಸೇರಿಸುತ್ತೇನೆ. ರೆನೆಟ್‌ನಲ್ಲಿದ್ದು ಹಾಲನ್ನು ಹೆಪ್ಪುಗಟ್ಟಿಸುವ ಕೈಮೊಸಿನ್ ಎಂಬ ಕಿಣ್ವವನ್ನು ಹಿಂದೆ ಕರುವಿನ ಜಠರದಿಂದ ತೆಗೆಯುತ್ತಿದ್ದರು, ಈಗಲೂ ಕೆಲವರು ತೆಗೆಯುತ್ತಾರೆ. ಸೂಕ್ಷ್ಮಜೀವಿಗಳ ಹುದುಗುವಿಕೆಯಿಂದ ತಯಾರಿಸಿದ ಕೈಮೊಸಿನ್‌ಗೆ 1990ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದ ಮೇಲೆ ಅದರ ಬಳಕೆ ವ್ಯಾಪಕವಾಯಿತು. ‘ಸೂಕ್ಷ್ಮಜೀವಿ ಮೂಲದ ರೆನೆಟ್’ ಎಂದಿದ್ದರೆ ಪ್ರಾಣಿಯ ಪ್ರಶ್ನೆ ಉಳಿಯುವುದಿಲ್ಲ. ಝಬಹ್ ಆಗದ ಕರುವಿನ ರೆನೆಟ್ ಆದರೆ ಇಮಾಮ್ ಅಬೂ ಹನೀಫಾ ಅವರ ಅಭಿಪ್ರಾಯದಲ್ಲಿ ಶುದ್ಧ, ಶಾಫಿಈ ಅಭಿಪ್ರಾಯದಲ್ಲಿ ಅಲ್ಲ. ಸಹೋದರಿ ತಮ್ಮ ಮಝ್‌ಹಬ್‌ನ ವಿದ್ವಾಂಸರನ್ನು ಕೇಳಿ ನಿರ್ಧರಿಸಲಿ. ಚೀಸ್ ತಯಾರಿಕೆಯಲ್ಲಿ ಉಳಿದ ನೀರನ್ನು ಒಣಗಿಸಿ ಮಾಡುವ ವೇ ಪುಡಿ ಬಿಸ್ಕತ್ತು, ಚಾಕೊಲೇಟುಗಳಿಗೂ ಹೋಗುವುದರಿಂದ ಅಲ್ಲಿಯೂ ಇದೇ ತೀರ್ಮಾನ ಅನ್ವಯಿಸುತ್ತದೆ.

ಪ್ರಶ್ನೆ ಕೇಳಿದ ತಾಯಿ:

ಹೇಳಿಕೊಟ್ಟಂತೆಯೇ ಮತ್ತೆ ಬರೆದೆ. ಬಿಸ್ಕತ್ತಿನವರ ಗುಣಮಟ್ಟ ವಿಭಾಗದಿಂದಲೇ ಈ ಬಾರಿ ಉತ್ತರ ಬಂದಿದೆ: 471ರ ಕೊಬ್ಬಿನಾಮ್ಲ ಮತ್ತು ಗ್ಲಿಸರಾಲ್ ಎರಡೂ ತಾಳೆ ಎಣ್ಣೆಯಿಂದ ಬಂದವು, 322 ಸೋಯಾದ್ದು, ಸುವಾಸನೆಯ ದ್ರಾವಕ ಪ್ರೊಪಿಲೀನ್ ಗ್ಲೈಕಾಲ್, ಯಂತ್ರಸಾಲಿನಲ್ಲಿ ಪ್ರಾಣಿಕೊಬ್ಬಿನ ಬಳಕೆಯಿಲ್ಲ. ಪತ್ರವನ್ನು ಮುದ್ರಿಸಿ, ದಿನಾಂಕ ಬರೆದು ಕಪಾಟಿನ ಬಾಗಿಲಿನ ಒಳಬದಿಗೆ ಅಂಟಿಸಿದ್ದೇನೆ. ಬ್ರೆಡ್ಡಿನವರು ಇನ್ನೂ ಉತ್ತರಿಸಿಲ್ಲ, ಅಲ್ಲಿಯವರೆಗೆ ಪ್ರಮಾಣಪತ್ರವಿರುವ ಬೇರೆ ಬ್ರೆಡ್ ತರುತ್ತಿದ್ದೇವೆ.

ಮಾತ್ರೆಯ ತಯಾರಕರು 572 ಸಸ್ಯಮೂಲದ್ದೆಂದು ಬರೆದಿದ್ದಾರೆ. ವಿಟಮಿನ್ ಎ ಕವಚದ ಬಗ್ಗೆ ಅವರಿಗೂ ಗೊತ್ತಿರಲಿಲ್ಲವಂತೆ, ಪೂರೈಕೆದಾರರನ್ನು ಕೇಳಿ ವಾರದ ನಂತರ ತಿಳಿಸಿದರು: ಜೆಲಟಿನ್, ದನದ್ದು, ಝಬಹ್ ಕುರಿತ ದಾಖಲೆ ಇಲ್ಲ. ವೈದ್ಯರನ್ನು ವಿಚಾರಿಸಿದೆ. ಅದೇ ವಿಟಮಿನ್ ಎಣ್ಣೆಯ ಹನಿಗಳ ರೂಪದಲ್ಲಿ ಸಿಗುತ್ತದೆ, ಅದರಲ್ಲಿ ಕವಚದ ಅಗತ್ಯವೇ ಇಲ್ಲ ಎಂದರು. ನಿನ್ನೆಯಿಂದ ಮಕ್ಕಳಿಗೆ ಆ ಹನಿಗಳನ್ನೇ ಕೊಡುತ್ತಿದ್ದೇನೆ.